ಹದಿನೇಳನೇ ತಗಡಿನ ಬಟ್ಟೆ

ಮೊನ್ನೆ ಒಂದು ಕಡೆ ಯಾರೋ ನನ್ನನ್ನು 'ಮಾಸದ ಕಿತ್ತಳೆ ಬಣ್ಣ ಕಂಡುಹಿಡಿದವರು ಇವರೇ' ಅಂತ ಪರಿಚಯ ಮಾಡಿಕೊಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಬಣ್ಣದ ಪುಡಿ ತಯಾರಿಸುವ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ನಾನು ಮೂವತ್ತೊಂದು ವರ್ಷ ದುಡಿದದ್ದು ನಿಜ. ಸೀಸ ಇಲ್ಲದ, ಬಿಸಿಲಿಗೆ ಮಾಸದ, ಮಳೆಗೆ ಪುಡಿ ಬಿಡದ ಒಂದು ಕಿತ್ತಳೆ ಅಲ್ಲಿ ತಯಾರಾಗಿ ಅದರ ಕಾಗದಪತ್ರದಲ್ಲಿ ನನ್ನ ಹೆಸರು ಸೇರಿದ್ದೂ ನಿಜ. ಆದರೆ ನನ್ನ ಪಾಡಿಗೆ ನನ್ನನ್ನು ಬಿಟ್ಟಿದ್ದರೆ ನಾನು ತಪ್ಪು ಬಣ್ಣಕ್ಕೇ ಸಹಿ ಹಾಕಿ ಬೀಗುತ್ತಿದ್ದೆ. ಹಾಗಾಗದಂತೆ ಕಾಪಾಡಿದವರು ನಮ್ಮ ಪ್ರಯೋಗಶಾಲೆಯನ್ನು ಗುಡಿಸಿ ಒರೆಸುತ್ತಿದ್ದ ಒಬ್ಬ ಹೆಂಗಸು. ತಾರಸಿಯ ಉಸ್ತುವಾರಿಯೂ ಅವರದೇ ಆಗಿದ್ದರಿಂದ ಕಾರ್ಖಾನೆಯವರೆಲ್ಲ ಅವರನ್ನು ತಾರಸಿ ಅಕ್ಕ ಅನ್ನುತ್ತಿದ್ದರು. ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ. ಕೈಕಾಲು ಗಟ್ಟಿಯಿರುವಾಗಲೇ ಅವರ ವಿಷಯ ಬರೆದಿಡದೆ ಹೋದರೆ ನನ್ನಂಥ ಕೃತಘ್ನ ಇನ್ನೊಬ್ಬನಿರಲಾರ.

ಮೊದಲು ಹಳೆಯ ಬಣ್ಣದ ಕಥೆ ಹೇಳಿಬಿಡುತ್ತೇನೆ. ಆಗ ನಮ್ಮಲ್ಲಿ ಹಳದಿ, ಕಿತ್ತಳೆ ಎರಡನ್ನೂ ಸೀಸದಿಂದಲೇ ಮಾಡುತ್ತಿದ್ದರು. ಬಣ್ಣವೇನೋ ಕಣ್ಣು ಕುಕ್ಕುವಂತಿತ್ತು. ಬಸ್ಸು, ಕ್ರೇನು, ರಸ್ತೆಯ ಗೆರೆ, ಕೊನೆಗೆ ಮಕ್ಕಳು ಆಡುವ ಜಾರುಬಂಡೆಗೂ ಅದೇ. ಆದರೆ ಆ ಪುಡಿಯನ್ನು ಜರಡಿ ಹಿಡಿದು ಚೀಲಕ್ಕೆ ತುಂಬುವವರ ಮೈಗೆ ಅದರ ಧೂಳು ದಿನಾ ಇಷ್ಟಿಷ್ಟೇ ಸೇರುತ್ತಿತ್ತು. ಅಕ್ಕನ ಗಂಡ ಆ ಪ್ಯಾಕಿಂಗ್ ಕೋಣೆಯಲ್ಲಿ ಹನ್ನೆರಡು ವರ್ಷ ಚೀಲ ತುಂಬಿದವರು. ಮೊದಲು ಹೊಟ್ಟೆನೋವು ಬಂತು, ಆಮೇಲೆ ಸುಸ್ತು, ಕೊನೆಗೆ ಬಲಗೈ ಮಣಿಕಟ್ಟಿನಿಂದ ಕೆಳಕ್ಕೆ ಜೋತುಬಿತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಆಗದೆ ಮನೆಯಲ್ಲಿ ಕೂತರು. ಅವರ ಬದಲಿಗೆ ಅಂತ ಹೆಂಡತಿಗೆ ನಮ್ಮಲ್ಲಿ ಕೆಲಸ ಕೊಟ್ಟರು. ಎರಡು ವರ್ಷದ ಮೇಲೆ ಮಗಳೂ ಕಾರ್ಖಾನೆ ಸೇರಿದಳು. ಅವಳಿಗೆ ಎಲ್ಲಿ ಕೊಟ್ಟರು ಅಂತೀರಿ? ಅಪ್ಪ ಚೀಲ ತುಂಬುತ್ತಿದ್ದ ಅದೇ ಕೋಣೆಯಲ್ಲಿ. ಜಾಗ ಖಾಲಿ ಇದ್ದದ್ದು ಅಲ್ಲಿ ಮಾತ್ರವಂತೆ.

ಅಕ್ಕ ಬೆಳಿಗ್ಗೆ ಎಂಟಕ್ಕೆ ಹತ್ತು ನಿಮಿಷ ಇರುವಾಗಲೇ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಗಳನ್ನೆಲ್ಲ ತೆಗೆಯುತ್ತಿದ್ದರು. ಧೂಳು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆಗದು ಅಂದರೆ ಸಾಮಾನ್ಯವಾಗಿ ಆಗದಿರುವುದಲ್ಲ. ಧೂಳು ಅವರ ಮನೆಯನ್ನು ಹಾಳು ಮಾಡಿದ ಶತ್ರು. ತಕ್ಕಡಿಯ ಕಾಲ ಕೆಳಗೆ, ಬೀರುವಿನ ನೆತ್ತಿಯ ಮೇಲೆ, ನನ್ನ ಕನ್ನಡಕದ ಡಬ್ಬಿಯ ಒಳಗೆ ಕೂಡ ಅವರ ಬಟ್ಟೆ ಓಡಾಡಿ ಬರುತ್ತಿತ್ತು. ನನಗೋ ಮೂಗಿನ ತುದಿಯಲ್ಲೇ ಕೋಪ. ಇಟ್ಟ ವಸ್ತು ಇಟ್ಟಲ್ಲಿ ಇಲ್ಲ ಅಂತ ನಾನು ಕೂಗಾಡಿದರೆ ಅವರು ನೆಲ ಒರೆಸುವುದನ್ನು ನಿಲ್ಲಿಸದೆ, ಇವತ್ತು ಕುಲುಮೆ ಹಚ್ಚೋದು ಬೇಡ ಸಾರ್, ನಿಮ್ಮ ಪಕ್ಕ ಇಟ್ಟರೆ ಸಾಕು, ಪುಡಿ ಬೇಯುತ್ತೆ ಅನ್ನುತ್ತಿದ್ದರು. ನನಗಿಂತ ಎಂಟು ವರ್ಷ ದೊಡ್ಡವರು. ಹಾಗೆ ಅನ್ನುವ ಹಕ್ಕನ್ನು ನಾನೂ ಕೊಟ್ಟುಬಿಟ್ಟಿದ್ದೆ.

ಸೀಸಕ್ಕೆ ಬದಲಿ ಹುಡುಕುವ ಕೆಲಸ ನನ್ನ ತಲೆಗೆ ಬಂದದ್ದು ಆ ಕಾಲದಲ್ಲೇ. ಸತು, ತವರ, ಟೈಟಾನಿಯಂ ಇವುಗಳ ಪುಡಿಗಳನ್ನು ಬೇರೆಬೇರೆ ಅಳತೆಯಲ್ಲಿ ಅರೆದು, ಮಣ್ಣಿನ ಮೂಸೆಯಲ್ಲಿಟ್ಟು ಕುಲುಮೆಯಲ್ಲಿ ಸುಟ್ಟರೆ ಹಳದಿಯಿಂದ ಕಿತ್ತಳೆಯವರೆಗೆ ನಾನಾ ಬಣ್ಣ ಬರುತ್ತವೆ. ಬಣ್ಣ ಬರಿಸುವುದು ದೊಡ್ಡ ವಿಷಯವಲ್ಲ. ಅದು ಬಾಳಬೇಕು. ಹೊರಗೆ ಬಿಸಿಲಲ್ಲಿ ನಿಂತ ಬಣ್ಣದಲ್ಲಿ ಪುಡಿಯನ್ನು ಹಿಡಿದಿಡುವ ಅಂಟು ಮೊದಲು ಸಾಯುತ್ತದೆ, ಮೇಲಿನ ಪದರ ಹಿಟ್ಟಾಗಿ ಏಳುತ್ತದೆ. ಹಳೆಯ ಗೇಟಿಗೆ ಒರಗಿ ನಿಂತರೆ ಅಂಗಿಗೆ ಬಣ್ಣ ಹತ್ತುತ್ತದಲ್ಲ, ಅದೇ. ಅದಕ್ಕೆ ನಾವು 'ಪುಡಿ ಬಿಟ್ಟಿತು' ಅನ್ನುತ್ತೇವೆ. ಪುಡಿ ಬಿಡುತ್ತದೋ ಇಲ್ಲವೋ ತಿಳಿಯಲು ಅಡ್ಡದಾರಿ ಇಲ್ಲ. ತಗಡಿಗೆ ಬಣ್ಣ ಹಚ್ಚಿ, ತಾರಸಿಯ ಮೇಲೆ ಬಿಸಿಲಿಗೆ ಮುಖ ಮಾಡಿ ಓರೆಯಾಗಿ ನಿಲ್ಲಿಸಿ, ಎರಡು ವರ್ಷ ಕಾಯಬೇಕು.

ಹಾಗೆ ಇಪ್ಪತ್ನಾಲ್ಕು ತಗಡು ನಿಲ್ಲಿಸಿದೆವು. ಪ್ರತಿಯೊಂದರ ಮೂಲೆಯಲ್ಲೂ ಒಂದು ಸಂಖ್ಯೆ. ಒಂಬತ್ತನೆಯದು ನನ್ನ ಮುದ್ದಿನ ಕೂಸು. ಅಂಥ ಬೆಳಗುವ ಕಿತ್ತಳೆ ನಾನು ಅದುವರೆಗೆ ಸುಟ್ಟಿರಲಿಲ್ಲ. ಹದಿನೇಳನೆಯದೂ ಅದೇ ಅಳತೆಯದು, ಆದರೆ ಅದನ್ನು ಸುಡುವಾಗ ನಡುವೆ ಕರೆಂಟು ಹೋಗಿ ಮಾರನೆಯ ದಿನ ಇನ್ನೊಮ್ಮೆ ಸುಡಬೇಕಾಯಿತು. ಎರಡು ಸಲ ಬೆಂದು ಅದರ ಹೊಳಪು ಒಂದಿಷ್ಟು ಕುಂದಿತ್ತು. ಎಸೆಯುವುದರಲ್ಲಿದ್ದೆ. ಸ್ಟ್ಯಾಂಡಿನಲ್ಲಿ ಒಂದು ಜಾಗ ಖಾಲಿ ಉಳಿದಿತ್ತು ಅಂತ ಅದನ್ನೂ ತುರುಕಿದೆ.

ಕಂಪನಿಯ ದೊಡ್ಡವರು, ಅಂದರೆ ನಮ್ಮ ಮ್ಯಾನೇಜರು, ಎಲ್ಲರ ಮುಂದೆ ಮಾತು ಕೊಟ್ಟಿದ್ದರು. ಎರಡು ವರ್ಷ ದಾಟಿ ಒಂದೇ ಒಂದು ತಗಡು ಗೆದ್ದರೂ ಸೀಸದ ವಿಭಾಗಕ್ಕೆ ಬೀಗ, ಅಲ್ಲಿನವರಿಗೆಲ್ಲ ಬೇರೆ ಕಡೆ ಕೆಲಸ. ಗೆಲ್ಲದಿದ್ದರೆ ಹಳೆಯದೇ ಗತಿ. ಅಂದಿನಿಂದ ಅಕ್ಕ ತಿಂಗಳ ಮೊದಲ ದಿನ ತಪ್ಪದೆ ಕೇಳುತ್ತಿದ್ದರು, ಇನ್ನೆಷ್ಟು ತಿಂಗಳು ಸಾರ್ ಅಂತ. ಸೀಸದ ವಿಭಾಗದವರಿಗೆ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗುತ್ತಿತ್ತು. ಮಗಳ ರಕ್ತದಲ್ಲಿ ಸೀಸ ಎಷ್ಟಿದೆ ಅನ್ನುವುದು ಅಕ್ಕನಿಗೆ ಬಾಯಿಪಾಠ. ಹದಿನಾಲ್ಕು ಇದ್ದದ್ದು ಹತ್ತೊಂಬತ್ತಾಯಿತು, ಹತ್ತೊಂಬತ್ತು ಇದ್ದದ್ದು ಇಪ್ಪತ್ತಾರಾಯಿತು. ಒಮ್ಮೆ ನಾನು ಅವರ ಮನೆಗೆ ಹೋಗಿದ್ದೆ. ಎರಡು ಕೋಣೆಯ ಮನೆ, ಕನ್ನಡಿಯಂಥ ನೆಲ. ಮಗಳು ಬಾಗಿಲಲ್ಲೇ ಚಪ್ಪಲಿ, ಮೇಲಂಗಿ ಬಿಟ್ಟು ನೇರ ಬಚ್ಚಲಿಗೆ ಹೋದಳು. ಸ್ನಾನ ಆಗುವ ತನಕ ಅವಳು ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ. ಅಕ್ಕನ ಗಂಡ ಗುಂಡಿಯಿಲ್ಲದ ಬನಿಯನ್ ತೊಟ್ಟು ಎಡಗೈಯಲ್ಲಿ ಟೀ ಕುಡಿಯುತ್ತ ಕೂತಿದ್ದರು. ತಮಾಷೆಯ ಮನುಷ್ಯ. ನನ್ನ ಬಿಳಿ ಅಂಗಿಗಳನ್ನೆಲ್ಲ ಹೆಂಡತಿ ಕತ್ತರಿಸಿ ಕಾರ್ಖಾನೆಗೆ ಒಯ್ಯುತ್ತಾಳೆ, ನಾನು ಮನೆಯಲ್ಲಿದ್ದರೂ ನನ್ನ ಅಂಗಿ ಮಾತ್ರ ರಜಾ ಇಲ್ಲದೆ ಡ್ಯೂಟಿ ಮಾಡುತ್ತಿದೆ ಅಂತ ನಕ್ಕರು. ನಾನೂ ನಕ್ಕೆ. ಆ ಅಂಗಿಗಳು ಕಾರ್ಖಾನೆಯಲ್ಲಿ ಏನು ಮಾಡುತ್ತಿವೆ ಅಂತ ಕೇಳಬೇಕೆಂದು ನನ್ನ ದಡ್ಡ ತಲೆಗೆ ಹೊಳೆಯಲಿಲ್ಲ.

ಎರಡು ವರ್ಷ ತುಂಬಿತು. ಶುಕ್ರವಾರ ಮಧ್ಯಾಹ್ನ ದೊಡ್ಡವರು, ಬಸ್ಸು ಕಟ್ಟುವ ಕಂಪನಿಯ ನಾಲ್ಕು ಜನರನ್ನು ಕರೆದುಕೊಂಡು ತಾರಸಿ ಹತ್ತಿದರು. ತಗಡುಗಳು ನಿನ್ನೆ ಬಣ್ಣ ಹಚ್ಚಿದಂತೆ ಹೊಳೆಯುತ್ತಿದ್ದವು, ಎಲ್ಲಕ್ಕಿಂತ ಹೆಚ್ಚು ನನ್ನ ಒಂಬತ್ತು. ನಾನು ಬೆರಳಿನಿಂದ ಒಂಬತ್ತನ್ನು ಉಜ್ಜಿ ಬೆರಳು ತೋರಿಸಿದೆ. ಶುಭ್ರವಾಗಿತ್ತು. ಧೂಳನ್ನು ಮಳೆ ತೊಳೆದಿದೆ ಅಂತ ನನ್ನ ಲೆಕ್ಕ. ಎರಡು ವರ್ಷದಿಂದ ಇದನ್ನು ಒಂದು ಕೈಯೂ ಮುಟ್ಟಿಲ್ಲ, ಬಿಸಿಲು ಮಳೆ ಬಿಟ್ಟರೆ ಬೇರೇನೂ ಸೋಕಿಲ್ಲ, ಮುಟ್ಟಿದರೆ ಎದ್ದ ಪುಡಿ ಒರೆಸಿಹೋಗಿ ಪರೀಕ್ಷೆಯೇ ಸುಳ್ಳಾಗುತ್ತದೆ ಅಂತ ದೊಡ್ಡ ಭಾಷಣ ಬಿಗಿದೆ. ಮೆಟ್ಟಿಲ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತಿದ್ದ ಅಕ್ಕನ ಮುಖ ಬಿಳಿಚಿಕೊಂಡದ್ದು ಕಣ್ಣಿಗೆ ಬಿತ್ತು. ಸಂತೋಷ ತಡೆಯಲಾಗದೆ ಹಾಗಾಗಿದೆ ಅಂದುಕೊಂಡೆ. ಸೋಮವಾರ ವರದಿಗೆ ಸಹಿ ಅಂತ ದೊಡ್ಡವರು ನನ್ನ ಬೆನ್ನು ತಟ್ಟಿದರು.

ಶನಿವಾರ ಬೆಳಿಗ್ಗೆ ನಾನು ವರದಿ ಬರೆಯುತ್ತ ಕೂತಿದ್ದಾಗ ಅಕ್ಕ ಬಂದು ಮೇಜಿನ ಮುಂದೆ ನಿಂತರು. ಕೈಯಲ್ಲಿ ಪೊರಕೆ ಇಲ್ಲ, ಬಟ್ಟೆ ಇಲ್ಲ. ಬರಿಗೈಯಲ್ಲಿ ಅವರನ್ನು ನಾನು ನೋಡಿದ್ದೇ ಅಪರೂಪ.

"ಸಾರ್, ಆ ತಗಡುಗಳನ್ನ ನಾನು ವಾರ ವಾರ ಒರೆಸ್ತಿದ್ದೆ," ಅಂದರು.

ಏನು ಹಾಗಂದರೆ ಅಂತ ಕೇಳಿದೆ. ಪ್ರತಿ ಶನಿವಾರ, ಒದ್ದೆ ಬಟ್ಟೆಯಲ್ಲಿ, ಇಪ್ಪತ್ನಾಲ್ಕನ್ನೂ, ಎರಡು ವರ್ಷ. ಧೂಳು ಕೂತರೆ ಬಣ್ಣ ಕಾಣಲ್ಲ, ಕಾಣದಿದ್ದರೆ ಮಾಸಿದೆ ಅಂತ ತಳ್ಳಿಬಿಡುತ್ತಾರೆ, ಆಮೇಲೆ ಮಗಳ ಗತಿ ಏನು ಅನ್ನುವ ಭಯ ಅವರಿಗೆ. ನಾನು ಕುರ್ಚಿ ಹಿಂದಕ್ಕೆ ಹೋಗುವ ಹಾಗೆ ಎದ್ದೆ. ಸ್ಟ್ಯಾಂಡಿನ ಪಕ್ಕ ಅಷ್ಟು ದೊಡ್ಡ ಅಕ್ಷರದಲ್ಲಿ 'ಮುಟ್ಟಬಾರದು' ಅಂತ ಬೋರ್ಡು ಬರೆಸಿದ್ದೇನಲ್ಲ, ಕಣ್ಣಿಗೆ ಕಾಣಲಿಲ್ಲವಾ ಅಂತ ಕಿರುಚಿದೆ.

"ಕಾಣ್ತು ಸಾರ್. ಅದು ಬೇರೆಯವರಿಗೆ ಅಂದ್ಕೊಂಡೆ. ಅಡುಗೆಮನೆ ಬಾಗಿಲಿಗೆ ಒಳಗೆ ಬರಬಾರದು ಅಂತ ಬರೆದ್ರೆ, ಅಡುಗೆ ಮಾಡೋಳೂ ಬರಬಾರದು ಅಂತಾನಾ? ನೀವೇ ತಾನೆ ಹೇಳಿದ್ದು, ಅಕ್ಕ, ಇವನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೊಳ್ಳಿ ಅಂತ."

ಹೇಳಿದ್ದೆ. ಅಕ್ಷರ ಅಕ್ಷರ ಅದೇ ಮಾತು ಹೇಳಿದ್ದೆ. ಧೂಳು ಕಂಡರೆ ಸಹಿಸದ ಹೆಂಗಸಿಗೆ ನೋಡಿಕೊಳ್ಳಿ ಅಂದರೆ ಆಕೆ ಏನು ಮಾಡಿಯಾರು? ಯಾಕೆ ಮುಟ್ಟಬಾರದು ಅನ್ನುವುದನ್ನು ಬಸ್ಸಿನ ಕಂಪನಿಯವರಿಗೆ ಅರ್ಧ ಗಂಟೆ ವಿವರಿಸಿದ ನಾನು, ದಿನಾ ತಾರಸಿ ಹತ್ತುವವರಿಗೆ ಎರಡು ನಿಮಿಷ ಹೇಳಿರಲಿಲ್ಲ. ನನ್ನ ಕೂಗಾಟ ನನಗೇ ಅಸಹ್ಯವಾಯಿತು, ಕೂತೆ.

ಆಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ನಿಮಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿಲ್ಲ ಅಕ್ಕ, ಸುಮ್ಮನಿದ್ದುಬಿಡೋಣ, ಸೋಮವಾರ ಸಹಿ ಆದರೆ ತಿಂಗಳೊಳಗೆ ಆ ಕೋಣೆಗೆ ಬೀಗ ಬೀಳುತ್ತೆ, ಮಗಳ ಯೋಚನೆ ಮಾಡಿ ಅಂದೆ. ಅವಳಿಗಾಗಿಯೇ ಅಂದೆನೋ, ನನ್ನ ಒಂಬತ್ತನೇ ತಗಡಿಗಾಗಿ ಅಂದೆನೋ, ಇವತ್ತಿಗೂ ನನಗೆ ಖಚಿತವಿಲ್ಲ.

ಅಕ್ಕ ಮೇಜಿನ ಅಂಚಿನಲ್ಲಿದ್ದ ಒಂದು ಚಿಟಿಕೆ ಧೂಳನ್ನು ಬೆರಳಲ್ಲಿ ಒರೆಸಿದರು.

"ಮಗಳ ಯೋಚನೆ ಮಾಡೇ ರಾತ್ರಿ ನಿದ್ದೆ ಬರಲಿಲ್ಲ ಸಾರ್. ನಾನು ಒರೆಸಿದ್ದಕ್ಕೇ ಅದು ಚೆನ್ನಾಗಿ ಕಾಣ್ತಿದ್ರೆ, ಬಸ್ಸಿನ ಮೇಲೆ ಒಂದೇ ವರ್ಷಕ್ಕೆ ಪುಡಿ ಬಿಡುತ್ತೆ. ಬಸ್ಸಿನೋರು ಬಂದು ಉಗೀತಾರೆ. ಮತ್ತೆ ಹಳೇ ಕೋಣೆ ಬೀಗ ತೆಗೀತಾರೆ. ಆಮೇಲೆ ನೀವು ಎಂಥ ಬಣ್ಣ ಮಾಡಿದ್ರೂ ಯಾರೂ ನಂಬಲ್ಲ. ನನ್ನ ಮಗಳು ಅಲ್ಲೇ ಅವರಪ್ಪನ ಹಾಗೆ ಆಗ್ತಾಳೆ. ಎರಡು ವರ್ಷ ಹಿಂದಕ್ಕೆ ಹೋದ್ರೂ ಪರವಾಗಿಲ್ಲ, ನಿಜವಾದ್ದು ಮಾಡಿ."

ಹೇಳುವಾಗ ಅವರ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ದನಿ ಮಾತ್ರ ನಡುಗಲಿಲ್ಲ. ಎರಡು ವರ್ಷ ಅಂದರೆ ಏನು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು. ಇಪ್ಪತ್ತಾರು ಇದ್ದದ್ದು ಎಷ್ಟಾದೀತು ಅಂತ ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನಾನು ವರದಿಯ ಹಾಳೆ ಹರಿದು ಬುಟ್ಟಿಗೆ ಹಾಕಿದೆ.

ಅವರು ಕಣ್ಣೊರೆಸಿಕೊಂಡು ಹೊರಟವರು ಬಾಗಿಲಲ್ಲಿ ನಿಂತು, ಏನೋ ಸಣ್ಣ ವಿಷಯ ಮರೆತವರ ಹಾಗೆ ಇನ್ನೊಂದು ಮಾತು ಸೇರಿಸಿದರು.

"ಆ ಒಂಬತ್ತನೇದನ್ನ ಮಾತ್ರ ನಂಬಬೇಡಿ ಸಾರ್. ಅದು ಬಟ್ಟೆ ತಿನ್ನುತ್ತೆ. ಹದಿನೇಳಕ್ಕೆ ನೋಡಿ, ಎರಡು ವರ್ಷಕ್ಕೂ ಒಂದೇ ಬಟ್ಟೆ."

ನಾನು ಅವರ ಹಿಂದೆಯೇ ಮೆಟ್ಟಿಲು ಹತ್ತಿ ಓಡಿದೆ. ತಾರಸಿಯ ಬಾಗಿಲ ಪಕ್ಕ, ಪೊರಕೆ ಇಡುವ ಗೂಡಿನಂಥ ಕೋಣೆಯಲ್ಲಿ ಒಂದು ತಂತಿ ಕಟ್ಟಿದ್ದರು. ತಂತಿಯ ಮೇಲೆ ಸಾಲಾಗಿ ಇಪ್ಪತ್ನಾಲ್ಕು ಬಟ್ಟೆ ತುಂಡು, ಎಲ್ಲ ಬಿಳಿ ಅಂಗಿಯದು. ಒಂದರ ಬಣ್ಣ ಇನ್ನೊಂದಕ್ಕೆ ಹತ್ತಬಾರದು ಅಂತ ತಗಡಿಗೊಂದು ಬಟ್ಟೆ, ಬಟ್ಟೆಯ ಮೂಲೆಯಲ್ಲಿ ತಗಡಿನ ಸಂಖ್ಯೆ. ಒರೆಸಿದ ಮೇಲೆ ಒಗೆಯುವುದು, ಒಗೆದರೂ ಬಣ್ಣ ಹೋಗದಿದ್ದರೆ ಹೊಸ ತುಂಡು ಕತ್ತರಿಸುವುದು. ಹತ್ತಿ ಬಟ್ಟೆ ಎಸೆಯಲು ಮನಸ್ಸು ಬಾರದೆ ಹಳೆಯವನ್ನು ಖಾಲಿ ಡಬ್ಬಗಳಲ್ಲಿ ತುಂಬಿಟ್ಟಿದ್ದರು. ನಾನು ನೆಲದ ಮೇಲೆ ಕೂತು ಒಂದೊಂದನ್ನೇ ವಿಂಗಡಿಸಿದೆ. ಒಂಬತ್ತನೇ ಸಂಖ್ಯೆಯವು ಹನ್ನೊಂದು ಸಿಕ್ಕವು, ಎಲ್ಲ ಕಿತ್ತಳೆ. ನಾಲ್ಕನೆಯದಕ್ಕೆ ಎಂಟು, ಇಪ್ಪತ್ತಕ್ಕೆ ಆರು. ಹದಿನೇಳಕ್ಕೆ ತಂತಿಯ ಮೇಲಿದ್ದ ಒಂದೇ ಒಂದು. ಅಂಗಿಯ ಎದೆಪಟ್ಟಿಯ ತುಂಡು, ಅಂಚಿನಲ್ಲಿ ಗುಂಡಿಯ ತೂತು ಬೇರೆ ಇತ್ತು. ಕೊಂಚ ಬೂದುಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಕಿತ್ತಳೆಯ ಸುಳಿವಿಲ್ಲ.

ಪುಡಿ ಬಿಟ್ಟಿದೆಯೇ ಅಂತ ನೋಡಲು ನಾವು ಮಾಡುವುದೂ ಅದನ್ನೇ. ಕಾಯುವ ಕಾಲ ಮುಗಿದ ಮೇಲೆ ಒಂದು ಸಲ ಬಟ್ಟೆಯಲ್ಲಿ ಉಜ್ಜಿ, ಬಟ್ಟೆಗೆ ಎಷ್ಟು ಹತ್ತಿತು ಅಂತ ನೋಡುತ್ತೇವೆ. ಅಕ್ಕ ಅದನ್ನು ನೂರಕ್ಕಿಂತ ಹೆಚ್ಚು ಸಲ ಮಾಡಿ ದಾಖಲೆ ಇಟ್ಟಿದ್ದರು. ತಗಡು ಸುಳ್ಳು ಹೇಳುತ್ತಿತ್ತು, ಬಟ್ಟೆಗಳು ನಿಜ ಹೇಳುತ್ತಿದ್ದವು. ಕಾರಣವೂ ಹೊಳೆಯಿತು. ಒಂದೇ ಸಲ ಸುಟ್ಟ ಒಂಬತ್ತರಲ್ಲಿ ಟೈಟಾನಿಯಂ ಪೂರ್ತಿ ಬೆರೆಯದೆ ಅಲ್ಲಲ್ಲಿ ಹಸಿಯಾಗಿ ಉಳಿದಿತ್ತು. ಅಂಥ ಹಸಿ ಟೈಟಾನಿಯಂ ಬಿಸಿಲು ಬಿದ್ದಾಗ ಅಂಟನ್ನು ತಿಂದುಹಾಕುತ್ತದೆ. ಎರಡು ಸಲ ಬೆಂದ ಹದಿನೇಳರಲ್ಲಿ ಹಸಿ ಉಳಿದಿರಲಿಲ್ಲ. ನಾನು ಎಸೆಯಬೇಕೆಂದಿದ್ದದ್ದೇ ಸರಿಯಾದದ್ದು. ಆ ಗೂಡಿನಲ್ಲಿ ಬಟ್ಟೆಗಳ ನಡುವೆ ಕೂತು ನಾನು ಜೋರಾಗಿ ನಕ್ಕೆ. ನನಗೆ ತಲೆ ಕೆಟ್ಟಿತು ಅಂತ ಅಕ್ಕ ಹೆದರಿದರಂತೆ.

ಸೋಮವಾರ ದೊಡ್ಡವರ ಮೇಜಿನ ಮೇಲೆ ಡಬ್ಬಗಳನ್ನು ಸುರಿದು ಇದ್ದದ್ದು ಇದ್ದ ಹಾಗೆ ಹೇಳಿದೆ, ಬೋರ್ಡು ಬರೆಸಿ ಬಾಯಿ ಮುಚ್ಚಿಕೊಂಡಿದ್ದ ತಪ್ಪು ನನ್ನದು ಅನ್ನುವುದನ್ನೂ ಸೇರಿಸಿ. ಅವರು ಮೊದಲು ಕೆಂಡವಾದರು. ಆಮೇಲೆ ಹನ್ನೊಂದು ಬಟ್ಟೆಯನ್ನೂ ಒಂದು ಬಟ್ಟೆಯನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಪೂರ್ತಿ ಎರಡು ವರ್ಷ ಬೇಡ, ಒಂಬತ್ತು ಮತ್ತು ಹದಿನೇಳನ್ನು ಹೊಸದಾಗಿ ಹಚ್ಚಿ ಪಕ್ಕಪಕ್ಕ ನಿಲ್ಲಿಸಿ, ಒಂದು ಬೇಸಿಗೆ ಒಂದು ಮಳೆಗಾಲ ದಾಟಲಿ, ಬಟ್ಟೆಗಳು ಹೇಳಿದ್ದನ್ನೇ ತಗಡೂ ಹೇಳಿದರೆ ನನ್ನ ಮಾತಿಗೆ ನಾನು ಬದ್ಧ ಅಂದರು. ಲೆಕ್ಕ ಹಾಕಿದರೆ ಏಳು ತಿಂಗಳು. ಅಕ್ಕನಿಗೆ ಹೇಳಿದಾಗ ಅವರು ಬೆರಳು ಮಡಿಸಿ ಎರಡೆರಡು ಸಲ ಎಣಿಸಿದರು. ಎರಡು ವರ್ಷಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದವರಿಗೆ ಏಳು ತಿಂಗಳು ಅಂದರೆ ಕೈಗೆ ಸಿಕ್ಕ ಹಾಗೇ.

ಆ ಏಳು ತಿಂಗಳು ಅವರು ಪಟ್ಟ ಪಾಡು ಅವರಿಗೇ ಗೊತ್ತು. ತಾರಸಿ ಗುಡಿಸಬೇಕು, ತಗಡು ಮುಟ್ಟಬಾರದು. ಧೂಳು ಕೂತಿತು, ಕೆಸರು ಎರಚಿತು, ಒಂದು ಪಾರಿವಾಳ ಸರಿಯಾಗಿ ಹದಿನೇಳರ ನಡುಮಧ್ಯವೇ ಹಿಕ್ಕೆ ಹಾಕಿತು. ಅವತ್ತು ಕೆಳಗೆ ಬಂದು, ಅಲ್ಲ ಸಾರ್, ಅದಕ್ಕೆ ಒಂಬತ್ತು ಕಾಣಲಿಲ್ಲವಾ ಅಂತ ಕೇಳಿದರು. ಕೈ ಸುಮ್ಮನಿರದು ಅಂತ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ತಗಡುಗಳ ಮುಂದೆ ನಿಲ್ಲುತ್ತಿದ್ದರು. ಮಗಳ ರಕ್ತ ಇಪ್ಪತ್ತೆಂಟಾಯಿತು, ಆಮೇಲೆ ಮೂವತ್ತೊಂದಾಯಿತು. ಆ ತಿಂಗಳು ಅಕ್ಕ ನನ್ನನ್ನು ತಮಾಷೆ ಮಾಡಲಿಲ್ಲ, ನಾನೂ ಯಾರ ಮೇಲೂ ರೇಗಲಿಲ್ಲ.

ಮಳೆಗಾಲ ಮುಗಿದ ಮೇಲೆ ದೊಡ್ಡವರೇ ಬಂದು ಬೆರಳಿಟ್ಟರು. ಒಂಬತ್ತನ್ನು ಉಜ್ಜಿದ ಬೆರಳು ಕಿತ್ತಳೆಯಾಯಿತು. ಹದಿನೇಳನ್ನು ಉಜ್ಜಿದ ಬೆರಳಿಗೆ ಕೊಳೆ ಬಿಟ್ಟರೆ ಏನೂ ಹತ್ತಲಿಲ್ಲ. ಮುಂದಿನ ತಿಂಗಳ ಕೊನೆಗೆ ಸೀಸದ ವಿಭಾಗ ಮುಚ್ಚುವುದೆಂದು ನೋಟಿಸು ಬಂತು.

ಆ ಕೊನೆಯ ದಿನ ಮಧ್ಯಾಹ್ನ ನಾನು ತಾರಸಿಯಲ್ಲಿದ್ದೆ. ಅಕ್ಕ ಬಂದರು, ಕೈಯಲ್ಲಿ ಗುಂಡಿಯ ತೂತಿದ್ದ ಆ ಬಟ್ಟೆ, ಒಗೆದು ಮಡಿಸಿದ್ದು. ಈಗಲಾದರೂ ಒರೆಸಬಹುದಾ ಅಂತ ಕೇಳಿದರು. ಒರೆಸಿ ಅಕ್ಕ ಅಂದೆ. ಮೆತ್ತಗೆ, ಮಗುವಿನ ಮುಖ ಒರೆಸುವ ಹಾಗೆ, ಹದಿನೇಳನ್ನು ಒರೆಸಿದರು. ಅಡಿಯಿಂದ ಕಿತ್ತಳೆ ಎದ್ದು ಬಂತು. ಬಟ್ಟೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಧೂಳು ಮಾತ್ರ.

ಅಷ್ಟರಲ್ಲಿ ಮಗಳು ಮೆಟ್ಟಿಲು ಹತ್ತಿ ಬಂದಳು. ಕೊನೆಯ ಚೀಲ ಹೊಲಿದು, ಮುಖ ತೊಳೆಯುವ ಪುರುಸೊತ್ತೂ ಇಲ್ಲದೆ, ಅಮ್ಮನಿಗೆ ಹೇಳಲು ಓಡಿ ಬಂದಿದ್ದಳು. ಮುಖಗವಸಿನ ಅಂಚು ಮುಗಿಯುವಲ್ಲಿ, ಕೆನ್ನೆಯ ಮೇಲೆ, ಹಳೆಯ ಕಿತ್ತಳೆಯ ಪುಡಿ ಒಂದು ಗೆರೆಯಾಗಿ ಕೂತಿತ್ತು.

"ಬೀಗ ಹಾಕಿದ್ರು ಅಮ್ಮ," ಅಂದಳು.

ಅಕ್ಕ ಮಗಳ ಗಲ್ಲ ಹಿಡಿದು, ಅದೇ ಬಟ್ಟೆಯಲ್ಲಿ ಅವಳ ಕೆನ್ನೆ ಒರೆಸಿದರು. ಎರಡೂ ಮುಕ್ಕಾಲು ವರ್ಷ ಬಣ್ಣ ಸೋಕದೇ ಉಳಿದಿದ್ದ ಬಟ್ಟೆಗೆ ಆವತ್ತು ಕಿತ್ತಳೆ ಹತ್ತಿತು.

ಮಗಳಿಗೆ ತೂಕದ ವಿಭಾಗದಲ್ಲಿ ಕೆಲಸ ಕೊಟ್ಟರು. ರಕ್ತದಲ್ಲಿನ ಸೀಸ ಇಳಿಯಲು ಕಾಲ ಹಿಡಿಯಿತು, ಆದರೆ ಇಳಿಯಿತು. ಅವಳ ಕೈಗಳು ಗಟ್ಟಿಯಾಗಿವೆ, ಅಂಗಿಯ ಗುಂಡಿ ಹಾಕುತ್ತವೆ. ಬೆಳಿಗ್ಗೆ ಅಪ್ಪನಿಗೆ ಗುಂಡಿಯ ಅಂಗಿ ತೊಡಿಸುವವಳು ಈಗ ಅವಳೇ. ಆ ಬಟ್ಟೆಯನ್ನು ಅಕ್ಕ ಒಗೆಯಲು ಹೊರಟಿದ್ದರು, ನಾನು ಬೇಡಿ ತೆಗೆದುಕೊಂಡೆ. ಮುಚ್ಚಳ ಬಿಗಿದ ಗಾಜಿನ ಜಾಡಿಯಲ್ಲಿ ಅದು ನನ್ನ ಮೇಜಿನ ಮೇಲಿದೆ. ಕಿತ್ತಳೆ ಕಂಡುಹಿಡಿದವರು ಅಂತ ಯಾರಾದರೂ ನನ್ನನ್ನು ಹೊಗಳಲು ಬಂದರೆ ಜಾಡಿ ತೋರಿಸುತ್ತೇನೆ. ಜಾಡಿಯ ಮೇಲೆ ಧೂಳು ಕೂರಲು ನಾನು ಬಿಡುವುದಿಲ್ಲ, ದಿನಾ ಒರೆಸುತ್ತೇನೆ.